ಮೈಕಿನ ಕಾಕಾ ಮತ್ತು ಎತ್ತಿದ ಕೈಗಳು

ಕಾಕಾರ ಬಲಗಿವಿಯ ಹಾಲೆ ಎಡಗಿವಿಯದಕ್ಕಿಂತ ದಪ್ಪಗಿತ್ತು. ಬಿಸಿಲಿಗೆ ಇಟ್ಟ ಹಪ್ಪಳದಂತೆ ಅಂಚಿನಲ್ಲಿ ಮಡಚಿಕೊಂಡಿತ್ತು. ಆ ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಹರೆಯದಲ್ಲಿ ಜೀಪಿನ ಮೇಲೆ ಧ್ವನಿವರ್ಧಕದ ಹಾರ್ನಿನ ಬಾಯಿಯ ಪಕ್ಕದಲ್ಲೇ ಕೂತು ಊರೂರು ತಿರುಗಿದ್ದರ ಫಲ ಅದು. ಹಾಗಾಗಿ ಯಾರಾದರೂ ಮಾತಾಡಿಸಿದರೆ ಎಡಗಿವಿ ಕೊಡುವುದಕ್ಕಾಗಿ ಮುಖವನ್ನು ಪೂರಾ ಬಲಕ್ಕೆ ತಿರುಗಿಸಿಬಿಡುತ್ತಿದ್ದರು. ಗೊತ್ತಿಲ್ಲದವರಿಗೆ ಈ ಮನುಷ್ಯನಿಗೆ ಭಾಳ ಸೊಕ್ಕು ಅನಿಸುತ್ತಿತ್ತು. ಒಮ್ಮೆ ಒಬ್ಬ ಪುಢಾರಿ ಸಿಟ್ಟಿಗೆದ್ದು, “ನಾ ಇಲ್ಲಿ ಮಾತಾಡಾಕತ್ತೀನಿ, ನೀವು ಗ್ವಾಡಿ ನೋಡ್ತೀರೇನ್ರೀ?” ಎಂದು ಕೇಳಿದ.

“ನಿಮ್ಮ ಮಾತು ಕೇಳಾಕತ್ತೀನಿ ಸಾಹೇಬ್ರ. ನಿಮ್ಮ ಮಾರಿ ನೋಡಿದ್ರ ನನಗ ಮಾತು ಕೇಳಸಂಗಿಲ್ಲ” ಎಂದರು ಇವರು.

ಶಹಾಬಾದಿನ ಸ್ಟೇಷನ್ ರಸ್ತೆಯ ತಿರುವಿನಲ್ಲಿ ಅವರ ಮೈಕ್‌ಸೆಟ್ ಅಂಗಡಿ ಇತ್ತು. ಮೂಲ ತೆಂಗಳಿಯ ಒಕ್ಕಲು ಮನೆಯವರು. ಹೊಲವನ್ನು ಅಣ್ಣಂದಿರಿಗೆ ಬಿಟ್ಟು, ಒಂದು ಆಂಪ್ಲಿಫಾಯರ್, ಎರಡು ಹಾರ್ನು ಹೊತ್ತುಕೊಂಡು ಊರಿಗೆ ಬಂದವರು. ನಾನು ಹುಟ್ಟುವ ಮೊದಲೇ ಎಲ್ಲರ ಬಾಯಲ್ಲೂ ಅವರು ಮೈಕಿನ ಕಾಕಾ ಆಗಿದ್ದರು. ಮದುವೆ ಇರಲಿ, ಉರುಸು ಇರಲಿ, ಪ್ರವಚನ ಇರಲಿ, ಎಲೆಕ್ಷನ್ ಇರಲಿ, ಕಂಬ ಹತ್ತಿ ಹಾರ್ನು ಕಟ್ಟುವುದು ಅವರೇ.

ಮೈಕ್ ಪರೀಕ್ಷೆ ಮಾಡುವಾಗ ಎಲ್ಲರಂತೆ ಒಂದು ಎರಡು ಮೂರು ಎನ್ನುತ್ತಿರಲಿಲ್ಲ. ಬಸ್ ಕಂಡಕ್ಟರನ ದನಿ ತೆಗೆದು, “ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಕುಂಚಾವರಂ! ಹತ್ರಿ, ಹತ್ರಿ, ಹಿಂದ ಸೀಟ್ ಖಾಲಿ ಅದ” ಎಂದು ಕೂಗುತ್ತಿದ್ದರು. ಆ ಊರುಗಳಲ್ಲೆಲ್ಲ ಅವರ ಹಾರ್ನು ಕೂಗಿ ಬಂದಿತ್ತು. ಕೂಗಿ ಮುಗಿದ ಮೇಲೆ ಮಂದಿಯ ಕಡೆ ನೋಡಿ ಕೇಳುತ್ತಿದ್ದರು, “ಕೇಳಸ್ತದೇನ್ರೀ? ಕೇಳಿದವ್ರು ಕೈ ಎತ್ರಿ.”

ಅವರು ತಮ್ಮ ಕಿವಿಯನ್ನು ನಂಬುವಂತಿರಲಿಲ್ಲ. ಮಂದಿಯ ಕೈ ನೋಡಿಯೇ ಸದ್ದು ಏರಿಸುವುದು, ಇಳಿಸುವುದು. ಕಡೆಯ ಸಾಲಿನಲ್ಲಿ ಕೈ ಏಳದಿದ್ದರೆ ಹಾರ್ನಿನ ಬಾಯಿ ಆ ಕಡೆ ತಿರುಗಿಸಿ ಮತ್ತೆ ಕೇಳುತ್ತಿದ್ದರು. ನಮ್ಮ ಊರಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಕಾಕಾ ಕೇಳಿದ ಕೂಡಲೆ ಕೈಗಳು ತಾವಾಗಿ ಏಳುತ್ತಿದ್ದವು. ಮಕ್ಕಳು ಎರಡೂ ಕೈ ಎತ್ತುತ್ತಿದ್ದರು. ಮುದುಕಿಯರು ಸೆರಗು ಸರಿ ಮಾಡಿಕೊಂಡು ಕೈಯನ್ನು ಕಿವಿಯ ತನಕ ಮಾತ್ರ ಎತ್ತುತ್ತಿದ್ದರು. ಬೇರೆ ಊರಿನಿಂದ ಬಂದ ಬೀಗರು ಬೆರಗಾಗಿ ನೋಡಿದರೆ ನಮ್ಮವರು, “ನಮ್ಮ ಕಡಿ ಹಿಂಗ ಅದ, ನೀವೂ ಎತ್ರಿ” ಎನ್ನುತ್ತಿದ್ದರು.

ನಮ್ಮ ಮನೆ ಊರ ಹೊರಗೆ, ಹಳೇ ಕಲ್ಲು ಖಣಿಯ ದಂಡೆಯ ಕೂಲಿಕಾರರ ಬಸ್ತಿಯಲ್ಲಿ. ಅಪ್ಪ, ಅವ್ವ ಇಬ್ಬರೂ ಅದೇ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎಬ್ಬಿಸಿದವರು. ಕಲ್ಲು ಮುಗಿಯಿತು, ಖಣಿಯಲ್ಲಿ ನೀರು ತುಂಬಿತು, ಬಸ್ತಿ ಮಾತ್ರ ಅಲ್ಲೇ ಉಳಿಯಿತು. ಫರ್ಸಿಯ ಮೇಲೆ ಫರ್ಸಿ ಒಟ್ಟಿ ನಿಲ್ಲಿಸಿದ ಗೋಡೆ, ಮೇಲೆ ಫರ್ಸಿಯದೇ ಚಾವಣಿ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಕಲ್ಲಿನ ಧೂಳು ಕೂತ ಪುಸ್ತಕ ಜಾಡಿಸಿ ಓದಿದವಳು, ಹಬ್ಬದ ರಜೆಯಲ್ಲಿ ಕಲ್ಲು ಪಾಲಿಷ್ ಕಾರ್ಖಾನೆಯಲ್ಲಿ ಕೂಲಿ ಮಾಡಿ ಕಾಲೇಜಿಗೆ ಹೋದವಳು ನಾನು. ಈಗ ಚಿತ್ತಾಪುರದಲ್ಲಿ ಹೈಸ್ಕೂಲ್ ಟೀಚರು.

ನಾನು ಬಿ.ಎ. ಪಾಸಾದ ಸುದ್ದಿ ಕಾಕಾರಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಮಧ್ಯಾಹ್ನ ಆಟೋದ ತಲೆಯ ಮೇಲೆ ಹಾರ್ನು ಕಟ್ಟಿಕೊಂಡು ಬಸ್ತಿಗೆ ಬಂದರು. “ಬಸ್ತಿಯ ಸಮಸ್ತ ಬಂಧುಗಳಿಗೆ ತಿಳಸೋದೇನಂದ್ರ, ಫರ್ಸಿ ಒಡಿಯೋರ ಮನಿ ಹುಡುಗಿ ಪಾಸ್ ಆಗ್ಯಾಳ. ಲಗ್ನದ ಸುದ್ದಿ ಅಲ್ರಿ, ಬಿ.ಎ. ಸುದ್ದಿ!”

ಅವ್ವ ನಾಚಿಕೊಂಡು ಹೊರಗೆ ಓಡಿದಳು. “ಸಾಕ್ ಮಾಡಣ್ಣಾ, ಮಂದಿ ನಗ್ತಾರ.”

“ನಗ್ಲಿ ಬಿಡು ತಂಗಿ. ಎಲೆಕ್ಷನ್‌ದಾಗ ಸೋಲೋರ ಹೆಸರು ಕೂಗಿ ಕೂಗಿ ನನ್ನ ಹಾರ್ನ್ ಸವದದ. ಇವತ್ತೊಂದಿನ ಗೆದ್ದವರ ಹೆಸರು ಕೂಗ್ತೀನಿ.”

ಅವತ್ತಿನಿಂದ ನಾನು ಅವರಿಗೆ ‘ಬಿ.ಎ. ಬಾಯಿ’ ಆದೆ, ನಮ್ಮ ಕಡೆ ಬಾಯಿ ಎಂದರೆ ಅಮ್ಮಾವ್ರು. ಅಂಗಡಿಯ ಮುಂದೆ ಹೋದರೆ ಸಾಕು, “ಬಿ.ಎ. ಬಾಯಿ, ಚಾ ಕುಡದು ಹೋಗ್ರಿ” ಎಂದು ಕರೆಯುತ್ತಿದ್ದರು. ತಮ್ಮ ಮಗಳ ವಯಸ್ಸಿನವಳಿಗೆ ಆ ‘ರಿ’ ಹಚ್ಚುವುದು ಅವರಿಗೆ ತಮಾಷೆಯೂ ಹೌದು, ಮರ್ಯಾದೆಯೂ ಹೌದು.

ಊರಿನಲ್ಲಿ ಕುಡಿಯುವ ನೀರಿಗೆ, ಬೀದಿ ದೀಪಕ್ಕೆ, ವಾರ್ಡ್ ಸಭೆ ಕರೆಯಿರಿ ಎಂದು ಕೇಳುವುದಕ್ಕೆ ನಾಲ್ಕು ಮಂದಿ ಎಲ್ಲಿ ಸೇರಿದರೂ ಕಾಕಾ ತಾವಾಗಿ ಮೈಕ್ ತಂದು ಇಡುತ್ತಿದ್ದರು. ಹೋರಾಟ, ಚಳವಳಿ ಎಂಬ ಶಬ್ದಗಳು ಅವರ ಬಾಯಿಂದ ಬಂದದ್ದು ನಾನು ಕೇಳಿಲ್ಲ. “ಮಂದಿ ಮಾತಾಡ್ತಾರಂತ, ಮೈಕ್ ಬ್ಯಾಡೇನು?” ಎನ್ನುತ್ತಿದ್ದರು, ಮಂದಿ ಉಣ್ಣುತ್ತಾರಂತೆ, ತಾಟು ಬೇಡವೇ ಎಂದು ಕೇಳಿದ ಹಾಗೆ. ಅಂಥದೊಂದು ನೀರಿನ ಸಭೆಯಲ್ಲಿ ಮೊದಲ ಸಲ ನನ್ನ ಕೈಗೆ ಮೈಕ್ ಕೊಟ್ಟಾಗ ನಾನು ಅದನ್ನು ಅವರಿಗೇ ವಾಪಸು ಚಾಚಿದೆ. ಡಿಗ್ರಿ ಎಲ್ಲಿ ಹೋಯಿತೋ, ಓದಿದ್ದೆಲ್ಲ ಎಲ್ಲಿ ಹೋಯಿತೋ. ಕಾಕಾ ಪಕ್ಕಕ್ಕೆ ಬಂದು, “ಅದಕ್ಕ ಹಲ್ಲಿಲ್ಲ ಬೇ, ಕಚ್ಚಂಗಿಲ್ಲ. ನಳದ ಮುಂದ ಕೊಡದ ಸಲುವಾಗಿ ಹ್ಯಾಂಗ ಜಗಳಾಡ್ತಿ, ಹಂಗ ಮಾತಾಡು” ಎಂದರು. ಆಡಿದೆ. ಕಾಕಾ ಕೇಳುವ ಮೊದಲೇ ಕಡೆಯ ಸಾಲಿನವರು ಕೈ ಎತ್ತಿ ತೋರಿಸಿದರು.

ಅದು ಹಿಂದಿನ ಮಾತು. ಈಚಿನ ವರ್ಷಗಳಲ್ಲಿ ಸಭೆಗಳ ಬಣ್ಣ ಬೇರೆಯಾಗಿತ್ತು. ಬಂದವರು ಹಿಂದೆ ನಿಂತು ಗಾಡಿಯನ್ನು ಚಾಲೂ ಇಟ್ಟುಕೊಂಡೇ ಕೇಳುತ್ತಿದ್ದರು. ಗುರುತಿಲ್ಲದ ಒಬ್ಬಿಬ್ಬರು ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದರು. ಮಾತಾಡುವವರ ಕಡೆ ಅವರ ಮೊಬೈಲು ತಿರುಗುತ್ತಿರಲಿಲ್ಲ, ಕೇಳುವವರ ಮುಖಗಳ ಮೇಲೆ ಒಂದೊಂದಾಗಿ ಹಾಯುತ್ತಿತ್ತು. ಕಾಕಾ ಅದನ್ನು ನನಗಿಂತ ಮೊದಲೇ ಗಮನಿಸಿದ್ದರು. “ನನ್ನ ಧಂಧೆ ಮಂದೀಗೆ ಕೇಳಸೋದು, ಇವ್ರದು ಮಂದೀನ ನೋಡೋದು” ಎಂದು ಒಮ್ಮೆ ಅಂದು, ತಂತಿ ಸುತ್ತತೊಡಗಿದರು.

ಹೀಗಿರುವಾಗ ಬಸ್ತಿಯ ಹಿಂದಿನ ಬಂಡೆಗಳ ಮೇಲೆ ಕೆಂಪು ಬಣ್ಣದ ಗುರುತುಗಳು ಬಂದವು. ಯಾರು ಯಾವಾಗ ಬಳಿದು ಹೋದರೋ ಯಾರೂ ನೋಡಿರಲಿಲ್ಲ. ಆಮೇಲೆ ತಿಳಿಯಿತು, ಹೊರಗಿನ ಒಂದು ಕಂಪನಿ ಅಲ್ಲಿ ಸುಣ್ಣಕಲ್ಲಿನ ಹೊಸ ಖಣಿ ತೆಗೆಯಲಿದೆ ಎಂದು. ಫರ್ಸಿಗೆ ಸುತ್ತಿಗೆ, ಉಳಿ, ಹಾರೆ ಸಾಕು. ಸುಣ್ಣಕಲ್ಲಿಗೆ ಬ್ಲಾಸ್ಟಿಂಗ್ ಮಾಡಬೇಕು. ಗಾರೆ ಇಲ್ಲದೆ ಒಟ್ಟಿದ ನಮ್ಮ ಗೋಡೆಗಳು ಎಷ್ಟು ಬ್ಲಾಸ್ಟಿಂಗ್ ತಡೆದಾವು? ತಲೆಯ ಮೇಲಿನ ಚಾವಣಿಯೂ ಕಲ್ಲೇ. ಮನೆ ಬಿದ್ದರೆ ಒಳಗಿದ್ದವರು ಹೊರಗೆ ಬರುವುದಿಲ್ಲ. ಬಸ್ತಿ ಉಳಿಯಬೇಕಾದರೆ ಖಣಿ ನಿಲ್ಲಬೇಕಿತ್ತು. ಅದನ್ನು ಹೇಳುವುದಕ್ಕೆ ನಮಗೆ ಇದ್ದ ಜಾಗ ಒಂದೇ, ಖಣಿಗೆ ಒಪ್ಪಿಗೆ ಕೊಡುವ ಮೊದಲು ಸರ್ಕಾರ ಕರೆಯಲೇಬೇಕಾದ ಸಾರ್ವಜನಿಕ ಅಹವಾಲು ಸಭೆ.

ಸಭೆಯ ಪೆಂಡಾಲು, ಊಟ, ಜನರೇಟರು ಎಲ್ಲ ಕಂಪನಿಯದೇ. ಮೈಕಿಗೆ ಅವರು ಕಾಕಾರನ್ನೇ ಕರೆದರು. ಕಾಕಾ ನಮ್ಮ ಮನೆಗೆ ಬಂದು ಅವ್ವನನ್ನು ಕೇಳಿದರು, “ಹೋಗ್ಲೋ ಬ್ಯಾಡೋ ತಂಗಿ? ನೀವು ಬ್ಯಾಡಂದ್ರ ಹೋಗಂಗಿಲ್ಲ.”

“ಹೋಗಣ್ಣಾ. ಬ್ಯಾರೆಯವ್ರು ಬಂದ್ರ ನಮ್ಮ ಪಾಳಿ ಬಂದಾಗ ಮೈಕ್ ಬಂದ್ ಮಾಡ್ತಾರ. ನೀ ಇದ್ರ ನಮಗ ಧೈರ್ಯ” ಎಂದಳು ಅವ್ವ.

ಸಭೆಗೆ ಬಸ್ತಿಗೆ ಬಸ್ತಿಯೇ ಹೋಗಿತ್ತು. ವೇದಿಕೆಯ ಮೇಲೆ ಅಧಿಕಾರಿ, ಪಕ್ಕದಲ್ಲಿ ಕಂಪನಿಯ ಮ್ಯಾನೇಜರು, ಎದುರಿಗೆ ವಿಡಿಯೋದವರು. ಮ್ಯಾನೇಜರು ಖಣಿಯಿಂದ ಆಗುವ ಉಪಕಾರಗಳನ್ನೆಲ್ಲ ಓದಿದರು. ಓದಿ ಮುಗಿಸಿ ತಲೆ ಎತ್ತಿದರು, ಇನ್ನೇನೋ ಹೇಳುವುದಕ್ಕೆ ಬಾಯಿ ತೆರೆದರು, ಅಷ್ಟರಲ್ಲಿ ಮೈಕು ಸತ್ತಿತು. ಅವರ ತುಟಿ ಅಲ್ಲಾಡುತ್ತಿತ್ತು, ನಮಗೆ ಏನೂ ಕೇಳಲಿಲ್ಲ. ಕಾಕಾ ಆಂಪ್ಲಿಫಾಯರ್ ಇಟ್ಟಿದ್ದ ಟೇಬಲ್ಲಿನ ಹಿಂದಕ್ಕೆ ಓಡಿ, ಬಗ್ಗಿ, ಕಿತ್ತುಬಂದಿದ್ದ ಮೈಕಿನ ವೈರಿನ ಜಾಕ್ ಸಿಕ್ಕಿಸಿ, ತಮ್ಮ ಕೈಯಲ್ಲಿದ್ದ ಇನ್ನೊಂದು ಮೈಕಿನಲ್ಲಿ ಕೂಗಿದರು, “ಈಗ ಕೇಳಸ್ತದೇನ್ರೀ? ಕೈ ಎತ್ರಿ!”

ಇಡೀ ಪೆಂಡಾಲು ಕೈ ಎತ್ತಿತು. ನಾನೂ ಎತ್ತಿದೆ, ಅವ್ವನೂ ಎತ್ತಿದಳು. ಹಿಂದೆ ನಿಂತವರು ಕಾಣಲಿ ಎಂದು ಕಾಲಿನ ಬೆರಳ ಮೇಲೆ ನಿಂತು ಎತ್ತಿದರು.

ಮ್ಯಾನೇಜರು ಕೈ ಮುಗಿದು ಧನ್ಯವಾದ ಹೇಳಿ ಕೂತರು. ಆಮೇಲೆ ಅಧಿಕಾರಿ, ತಕರಾರು ಇದ್ದವರು ಬರಬಹುದು ಎಂದರು. ಅವ್ವ ಹೋಗಿ ಮಾತಾಡಿದಳು, ನಾನೂ ಮಾತಾಡಿದೆ. ಮೂರನೆಯವರು ಎದ್ದು ನಿಲ್ಲುವಷ್ಟರಲ್ಲಿ ಪಕ್ಕದ ಪೆಂಡಾಲಿನಲ್ಲಿ ಊಟ ಬಡಿಸಿದ್ದಾರೆ ಎಂದು ಯಾರೋ ಕೂಗಿದರು. ಗದ್ದಲವಾಗಿ ಸಭೆ ಮುಗಿಯಿತು. ಹೋಗಲಿ, ಹೇಳುವುದನ್ನು ಹೇಳಿದೆವಲ್ಲ ಎಂದುಕೊಂಡು ಮನೆಗೆ ಬಂದೆವು.

ಎರಡು ದಿನ ಬಿಟ್ಟು ಎಲ್ಲರ ಮೊಬೈಲಿಗೆ ಒಂದು ವಿಡಿಯೋ ಬಂತು. ಅದರಲ್ಲಿ ಮ್ಯಾನೇಜರು ಸ್ಪಷ್ಟವಾಗಿ ಕೇಳುತ್ತಾರೆ, “ಈ ಯೋಜನೆಗೆ ಒಪ್ಪಿಗೆ ಇರುವವರು ದಯವಿಟ್ಟು ಕೈ ಎತ್ತಿ.” ಮರುಕ್ಷಣ ಪೆಂಡಾಲು ತುಂಬ ಕೈಗಳು. ಮೈಕು ಸತ್ತಿದ್ದಾಗ ಅವರು ಆಡಿದ ಮಾತು ಅದೇ. ನಮಗೆ ಕೇಳದಿದ್ದರೇನು, ಅವರ ಅಂಗಿಯ ಕಾಲರಿಗೆ ವಿಡಿಯೋದವರು ಸಿಕ್ಕಿಸಿದ್ದ ಸಣ್ಣ ಮೈಕು ಅದನ್ನು ಹಿಡಿದುಕೊಂಡಿತ್ತು. ಕಾಕಾರ ಕೂಗನ್ನು ಕತ್ತರಿಸಿ ತೆಗೆದಿದ್ದರು. ಇಬ್ಬರು ವಿರೋಧಿಸಿದರು, ಉಳಿದವರೆಲ್ಲ ಕೈ ಎತ್ತಿ ಒಪ್ಪಿದರು ಎಂದು ವರದಿ ಹೋಯಿತು.

ಕಾಕಾ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನನ್ನ ಮೊಬೈಲನ್ನು ಎಡಗಿವಿಗೆ ಹಿಡಿದು ಅದನ್ನು ಕೇಳಿದರು. ಮತ್ತೆ ಕಣ್ಣ ಮುಂದೆ ಹಿಡಿದು ನೋಡಿದರು. ಅವ್ವ ಕೊಟ್ಟ ಚಹಾ ಹಾಗೇ ಆರಿತು.

“ಜಾಕ್ ತಾನಾಗಿ ಬಿಚ್ಚಂಗಿಲ್ಲ” ಎಂದರು. “ನಾ ಅದಕ್ಕ ಟೇಪ್ ಸುತ್ತಿದ್ದೆ. ಯಾರೋ ಕಿತ್ತಾರ.”

“ಯಾರು ಕಾಕಾ?”

“ಯಾರಂತ ಹೇಳ್ಲಿ? ಹೊರಗಿನವಗ ಏನ್ ಗೊತ್ತು, ಮೈಕ್ ಬಂದ್ ಆದ್ರ ನಾ ಕೈ ಎತ್ರಿ ಅಂತೀನಂತ? ನಮ್ಮವ್ರೇ ಹೇಳಿಕೊಟ್ಟಾರ. ನನ್ನ ಮೈಕಿಗೆ ದಿನಾ ಕೈ ಎತ್ತೋರೇ ಹೇಳಿಕೊಟ್ಟಾರ.”

ಆ ಮಾತು ಬಸ್ತಿಯಲ್ಲಿ ಹೊಗೆಯ ಹಾಗೆ ಹಬ್ಬಿತು. ಯಾರ ಮನೆಗೆ ಹೊಸ ಟಿವಿ ಬಂದರೂ, ಯಾರ ಮಗನಿಗೆ ವಾಚ್‌ಮನ್ ಕೆಲಸ ಸಿಕ್ಕರೂ ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಳದ ಹತ್ತಿರ ನಾವು ಹೋದರೆ ಮಾತು ನಿಲ್ಲುತ್ತಿತ್ತು. ಬಂಡೆ ಒಡೆಯುವ ಮೊದಲು ಬಸ್ತಿ ಒಡೆದಿತ್ತು.

ಬೇರೆಯವರಾದರೆ ನನ್ನದೇನು ತಪ್ಪು ಎಂದು ಸುಮ್ಮನಿರುತ್ತಿದ್ದರು. ಕಾಕಾ ಆಟೋಕ್ಕೆ ಹಾರ್ನು ಕಟ್ಟಿದರು. ಸ್ಟೇಷನ್ ರಸ್ತೆ, ಬಜಾರು, ಬಸ್‌ಸ್ಟ್ಯಾಂಡು ಎಲ್ಲ ಕಡೆ ಕೂಗುತ್ತ ಹೋದರು, “ಕೇಳ್ರಿ ಶಹಾಬಾದಿನವ್ರೇ! ಆ ಕೈ ನಾ ಎತ್ತಿಸಿದ ಕೈ. ನನ್ನ ಮೈಕ್ ಕೇಳಸ್ತದೋ ಇಲ್ಲೋ ಅಂತ ಎತ್ತಿದ ಕೈ. ಖಣಿಗೆ ಎತ್ತಿದ ಕೈ ಅಲ್ಲ!” ಮುಖ್ಯ ಬಜಾರಿನಲ್ಲಿ ಪೊಲೀಸರು ಆಟೋ ತಡೆದರು. ಪರವಾನಗಿ ಇಲ್ಲದೆ ಧ್ವನಿವರ್ಧಕ ಎಂದರು. ಇಷ್ಟು ವರ್ಷ ಅದೇ ರಸ್ತೆಯಲ್ಲಿ ನಾಟಕ, ಲಗ್ನ, ಸೇಲು ಎಲ್ಲವನ್ನೂ ಕೂಗಿದ ಮನುಷ್ಯನನ್ನು ಸಂಜೆಯ ತನಕ ಠಾಣೆಯ ಬೆಂಚಿನ ಮೇಲೆ ಕೂಡಿಸಿದರು. ಬಿಟ್ಟಾಗ ಹಾರ್ನು ಮಾತ್ರ ಕೊಡಲಿಲ್ಲ.

ಕೆಲ ದಿನಗಳಾದ ಮೇಲೆ ನಾನು ಅಂಗಡಿಯಲ್ಲಿದ್ದಾಗಲೇ ಒಬ್ಬ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಿಠಾಯಿ ಡಬ್ಬಿ. ನಗುಮುಖ. “ಕಾಕಾ, ನಮ್ಮ ಕಂಪನಿ ಕಾರ್ಯಕ್ರಮ ಎಲ್ಲಾ ಇನ್ ಮುಂದ ನಿಮಗೇ. ನೀವು ಆರಾಮ ಕುಂದ್ರಿ. ಈ ವಯಸ್ಸಿನಾಗ ಕಂಬ ಗಿಂಬ ಹತ್ತಬ್ಯಾಡ್ರಿ. ಕಾಲು ಜಾರಿದ್ರ ಯಾರ್ ನೋಡ್ತಾರ?” ಎಂದ. ಕಾಕಾ ಅವನಿಗೆ ಬಲಗಿವಿ ಕೊಟ್ಟು ಕೂತರು. “ಈ ಕಿವಿ ಸತ್ತದ ತಮ್ಮಾ. ಈ ಕಡಿಂದ ಏನ್ ಹೇಳಿದ್ರೂ ಒಳಗ ಹೋಗಂಗಿಲ್ಲ. ಡಬ್ಬಿ ತಗೊಂಡ್ ಹೋಗ್ರಿ, ಇರುವಿ ಬರ್ತಾವ” ಎಂದರು. ಅವನು ನಗುತ್ತಲೇ ಹೋದ. ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದ. ಕಾಕಾ ಅದನ್ನು ಮುಟ್ಟಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ.

ಮೈಕಿಗೆ ಹೇಳಿ ಇಟ್ಟಿದ್ದ ಲಗ್ನಗಳು ಒಂದೊಂದಾಗಿ ಕೈತಪ್ಪಿದವು. “ಡಿಜೆ ಹೇಳೀವಿ ಕಾಕಾ, ಹುಡುಗ್ರು ಕೇಳಂಗಿಲ್ಲ” ಎನ್ನುತ್ತಿದ್ದರು, ಕಣ್ಣು ತಪ್ಪಿಸಿ. ಅಂಗಡಿಯ ಎದುರಿಗೆ ದಿನಾ ಒಬ್ಬ ಬಂದು ನಿಲ್ಲತೊಡಗಿದ. ಏನೂ ಕೇಳುತ್ತಿರಲಿಲ್ಲ, ಏನೂ ಕೊಳ್ಳುತ್ತಿರಲಿಲ್ಲ. ಕಾಕಾ ಶಟರ್ ಇಳಿಸಿದ ಮೇಲೆ ಹೋಗುತ್ತಿದ್ದ. ಅವನನ್ನೂ ಕಾಕಾ ಚಹಾಕ್ಕೆ ಕರೆದರು. ಅವನು ಬರಲಿಲ್ಲ. “ಬಿಸಿಲಾಗ ನಿಂದ್ರೋದು ಸುಲಭ ಅಲ್ಲ, ಪಾಪ. ಅವನ ಪಗಾರ ಕಷ್ಟದ್ದದ” ಎಂದರು ನನಗೆ.

ಕಾಕಾರ ಹೆಂಡತಿ, ನಮ್ಮ ಕಾಕು ಮಾತ್ರ ನಗಲಿಲ್ಲ. ಒಂದು ದಿನ ನನ್ನನ್ನು ಅಡುಗೆ ಮನೆಗೆ ಕರೆದು ಕೈ ಹಿಡಿದುಕೊಂಡರು. “ನಿನ್ನ ಮಾತು ಕೇಳ್ತಾರವ್ವ ಅವ್ರು. ಸಾಕ್ ಮಾಡ್ರಿ ಅಂತ ಹೇಳು. ನೀ ಕಲ್ತಾಕಿ ಇದ್ದಿ, ಹ್ಯಾಂಗರ ತಿಳಿಸಿ ಹೇಳು.”

ನಾನು ಹೊರಗೆ ಬಂದು ಹೇಳಿದೆ. ಕಾಕಾ ಮುಖ ಬಲಕ್ಕೆ ತಿರುಗಿಸಿ ಪೂರಾ ಕೇಳಿಸಿಕೊಂಡರು. “ನಿಮ್ಮ ಮನಿ ಗ್ವಾಡಿ ಬಿದ್ದ ದಿನ ನಾ ಎಲ್ಲಿ ಮಾರಿ ಇಟ್ಕೊಳ್ಳಲಿ, ಅದನ್ನಷ್ಟು ಹೇಳಿಬಿಡ್ರಿ ಬಿ.ಎ. ಬಾಯಿ. ಆಮ್ಯಾಲೆ ಸುಮ್ನ ಕುಂದ್ರತೀನಿ” ಎಂದರು.

ಬದಲಿಗೆ ಇಬ್ಬರೂ ಕಲಬುರಗಿಗೆ ಹೋದೆವು. ನಾನು ಬರೆದ ಅರ್ಜಿಯನ್ನು ದೊಡ್ಡ ಅಧಿಕಾರಿಗೆ ಕೊಟ್ಟೆವು. ಅವರು ಒಳ್ಳೆಯವರು, ಬಾಗಿಲು ಹಾಕಿಸಿ ಕಾಕಾರ ಮಾತನ್ನು ತಾಳ್ಮೆಯಿಂದ ಕೇಳಿದರು. ಮತ್ತೊಮ್ಮೆ ಸಭೆ ಕರೆಯಲು ಆದೇಶವಾಯಿತು. ವಾಪಸು ಬರುವ ಬಸ್ಸಿನಲ್ಲಿ ನನಗೆ ಹಿಗ್ಗು ತಡೆಯಲಾಗಲಿಲ್ಲ. ಕಾಕಾ ಕಿಟಕಿಯ ಕಡೆ ನೋಡುತ್ತ ಹೇಳಿದರು, “ಬಂದ್ ಖೋಲಿಯಾಗ ಹೇಳಿದ್ದು ಬಂದ್ ಖೋಲಿಯಾಗೇ ಉಳೀತದ ಮಗಳ. ಮಂದಿ ಮುಂದ ಕೆಟ್ಟದ್ದದ, ಮಂದಿ ಮುಂದೇ ಹೇಳಬೇಕು. ಆ ಸಭಾಕ್ಕೂ ನನ್ನ ಮೈಕೇ ಇರ್ಬೇಕು.”

ಕಂಪನಿಯವರನ್ನು ಕೇಳಿದಾಗ ಅವರು ತಕ್ಷಣ ಒಪ್ಪಿಕೊಂಡರು. ಒಂದು ತಕರಾರೂ ತೆಗೆಯಲಿಲ್ಲ. ಅಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಸರಿ ಕಾಣಲಿಲ್ಲ. ಕಾಕಾರಿಗೆ ಹೇಳಿದೆ. “ಒಪ್ಪಿದ್ರೂ ತಪ್ಪು, ಒಪ್ಪದಿದ್ರೂ ತಪ್ಪು ಅಂದ್ರ ಹ್ಯಾಂಗ?” ಎಂದು ನಕ್ಕರು.

ಸಭೆಯ ಹಿಂದಿನ ದಿನ ಮಧ್ಯಾಹ್ನ ನಾನು ಚಿತ್ತಾಪುರದಲ್ಲಿ ಎಂಟನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಅವ್ವನ ಫೋನು ಬಂತು. ಅವ್ವ ಶಾಲೆಯ ವೇಳೆಯಲ್ಲಿ ಎಂದೂ ಫೋನು ಮಾಡುವವಳಲ್ಲ. ಎತ್ತುವ ಮೊದಲೇ ನನಗೆ ತಿಳಿದಿತ್ತು.

ಕಾಕಾ ಪೆಂಡಾಲಿನ ಕಬ್ಬಿಣದ ಕಂಬ ಹತ್ತಿ, ಉಳಿದಿದ್ದ ಹಾರ್ನು ಕಟ್ಟುತ್ತಿದ್ದರಂತೆ. ಜನರೇಟರು ಬಂದ್ ಇತ್ತು. ಅವರೇ ಎರಡೆರಡು ಸಲ ಕೂಗಿ ಕೇಳಿ, ಬಂದ್ ಇದೆ ಎಂದು ಹೇಳಿಸಿಕೊಂಡೇ ಹತ್ತಿದ್ದರು. ಆ ಕಂಬಕ್ಕೆ ದೀಪದ ವೈರು ಸುತ್ತಿದ್ದರು, ಅದರ ಮೇಲಿನ ರಬ್ಬರು ಒಂದು ಕಡೆ ಕಿತ್ತಿತ್ತು. ಜನರೇಟರು ಚಾಲೂ ಆಯಿತು, ಕಂಬಕ್ಕೆ ಕರೆಂಟು ಹರಿದು ಕಾಕಾ ಅಲ್ಲೇ ಹೋದರಂತೆ. “ಟ್ರಯಲ್ ನೋಡಾಕ ಹಚ್ಚಿದೆ. ಮ್ಯಾಲೆ ಅವ್ರು ಇದ್ದದ್ದು ನನಗ ಕಾಣಲಿಲ್ಲ” ಎಂದ ಅದನ್ನು ನೋಡಿಕೊಳ್ಳುವವನು. ಬಂದ್ ಇದೆ ಎಂದು ಹೇಳಿದವರು ಯಾರು? ಅದು ತಾನಲ್ಲ ಎಂದ. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ನಾನು ಅಲ್ಲಿರಲಿಲ್ಲ. ಕಣ್ಣಾರೆ ಕಾಣದ್ದನ್ನು ಕಂಡೆ ಎಂದು ಹೇಳುವುದಿಲ್ಲ. ಏನೇನು ಕೇಳಿದೆನೋ ಅಷ್ಟನ್ನು ಬರೆದಿದ್ದೇನೆ.

ಅವರ ಮೂಲ ಊರು ತೆಂಗಳಿಯಲ್ಲಿ ಮಣ್ಣು ಮಾಡುವುದೆಂದಾಯಿತು. ಸುದ್ದಿ ಸಾರುವುದಕ್ಕೆ ಊರಿನ ಬೇರೆ ಮೈಕಿನವರನ್ನು ಕೇಳಿದರೆ ಒಬ್ಬೊಬ್ಬರೂ ಸೆಟ್ ರಿಪೇರಿಗೆ ಹೋಗಿದೆ ಎಂದರು. ನಮ್ಮ ಬಸ್ತಿಯ ಹೆಣ್ಣುಮಕ್ಕಳು ಓಣಿ ಓಣಿ ನಡೆದು, ಬಾಗಿಲು ತಟ್ಟಿ ಹೇಳಿ ಬಂದರು. ಕೆಲವು ಬಾಗಿಲು ತೆರೆಯಲಿಲ್ಲ. ಒಳಗೆ ಟಿವಿ ಸದ್ದು ಕೇಳುತ್ತಿತ್ತು. ಕಾಕು ನನ್ನನ್ನು ನೋಡಿ ಅಳಲಿಲ್ಲ, ಬೈಯಲೂ ಇಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಸಭೆಯನ್ನು ಮುಂದೂಡಿ, ಮತ್ತೆ ನಡೆಸಿದರು. ಪೆಂಡಾಲು ಅರ್ಧ ತುಂಬಿರಲಿಲ್ಲ, ತುಂಬಿದ್ದರಲ್ಲಿ ಅರ್ಧ ಪೊಲೀಸರು. ಬಂದಿದ್ದ ನಮ್ಮವರು ಕೈಗಳನ್ನು ಸೆರಗಿನಲ್ಲಿ, ಜೇಬಿನಲ್ಲಿ ಅಡಗಿಸಿಕೊಂಡು ಕೂತಿದ್ದರು. ಕೆನ್ನೆಯ ಮೇಲಿನ ನೊಣ ಓಡಿಸಲೂ ಕೈ ಹೊರಗೆ ತೆಗೆಯಲಿಲ್ಲ. ಯಾರ ಪಾಳಿ ಎಂದು ಕೇಳಿದಾಗ ಯಾರೂ ಏಳಲಿಲ್ಲ. ನಾನು ಎದ್ದೆ. ಕಾಕಾ ಏನು ಹೇಳಬೇಕೆಂದಿದ್ದರೋ ಅದನ್ನು ಅವರ ಮಾತಿನಲ್ಲೇ ಹೇಳಿದೆ. ಜಾಕಿನ ಮಾತು ಹೇಳಿದೆ, ಟೇಪಿನ ಮಾತು ಹೇಳಿದೆ, ಕಿವಿಯ ಮಾತು ಹೇಳಿದೆ. ನನ್ನ ನಂತರ ಅವ್ವ ಬಂದಳು. ಅವಳ ನಂತರ, ಒಬ್ಬರ ಮುಖ ಒಬ್ಬರು ನೋಡದೆ, ಇನ್ನೂ ಕೆಲವರು ಬಂದರು. ಬರದೆ ಉಳಿದವರೇ ಹೆಚ್ಚು. ಅಧಿಕಾರಿ ಎಲ್ಲವನ್ನೂ ಬರೆಸಿಕೊಂಡರು.

ತೀರ್ಮಾನ ಇನ್ನೂ ಬಂದಿಲ್ಲ. ಆದರೆ ಬಂಡೆಗಳ ಹತ್ತಿರ ಡ್ರಿಲ್ಲಿಂಗ್ ಮಶೀನು ಬಂದಿದೆ. ಬರೀ ಪರೀಕ್ಷೆಗೆ ಎನ್ನುತ್ತಾರೆ. ಅದು ಕೊರೆಯುವಾಗ ಹಳೇ ಖಣಿಯ ನೀರು ಗಾಳಿಯಿಲ್ಲದೆ ನಡುಗುತ್ತದೆ. ಅವ್ವ ಈಗ ಒಳಗೆ ಮಲಗುವುದಿಲ್ಲ.

ಕಳೆದ ವಾರ ಶಾಲೆ ಬಿಟ್ಟು ಚಿತ್ತಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಗುರುತಿಲ್ಲದ ಒಬ್ಬ ಬಂದು ಪಕ್ಕದಲ್ಲಿ ಕೂತ. ಭಾಳ ಮರ್ಯಾದೆಯಿಂದ, ಮೆಲ್ಲಗೆ ಕೇಳಿದ, “ಟೀಚರ್, ದಿನಾ ಯಾವ ಬಸ್ಸಿಗೆ ಹೋಗ್ತೀರಿ?”

ನಾನು ಎದ್ದು ನಿಂತೆ. ಕಡ್ಲಿ ಮಾರುವವಳು, ಕಾಲೇಜು ಹುಡುಗಿಯರು, ಕಂಟ್ರೋಲರು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, “ಐದೂವರಿ ಬಸ್ಸಿಗೆ ಹೋಗ್ತೀನ್ರೀ. ವಾಡಿ ಮ್ಯಾಲಿಂದ ಶಹಾಬಾದಿಗೆ. ಖಣಿ ಬಸ್ತಿ ಹತ್ರ ಇಳೀತೀನಿ. ನೀವು ಯಾರು, ಯಾಕ ಕೇಳಾಕತ್ತೀರಿ, ಅದನ್ನೂ ಇಷ್ಟೇ ಜೋರಾಗಿ ಹೇಳ್ರಿ.”

ಎಲ್ಲರೂ ತಿರುಗಿ ಅವನನ್ನು ನೋಡಿದರು. ಅವನು ನಕ್ಕು, ಎದ್ದು ಹೋದ. ನನ್ನ ದನಿ ನಡುಗಿರಲಿಲ್ಲ. ಆ ದನಿ ನನಗೆ ಹುಟ್ಟಿನಿಂದ ಬಂದದ್ದಲ್ಲ, ಡಿಗ್ರಿಯಿಂದ ಬಂದದ್ದೂ ಅಲ್ಲ. ಅದು ಕಾಕಾರ ಋಣ, ತೀರಿಸುವುದಕ್ಕೆ ಅವರಿಲ್ಲ.

ಬಸ್ಸು ಬಂತು. ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ. ವಾಡಿ ದಾಟಿತು, ರಸ್ತೆ ಖಾಲಿಯಾಯಿತು. ಹಿಂದೆ ಬರುತ್ತಿದ್ದ ಒಂದು ಮೋಟಾರ್‌ಸೈಕಲ್ಲು, ಅಷ್ಟು ಜಾಗವಿದ್ದರೂ, ನಮ್ಮ ಬಸ್ಸನ್ನು ದಾಟಿ ಹೋಗಲೇ ಇಲ್ಲ.